ಮೊದಲಕ್ಷರಗಳ ನಂಟು

ಇಂಗ್ಲಿಷ್ ನಿಘಂಟಿನಲ್ಲಿ ‘ಗ್ಲ’ ಎಂಬ ಸಂಯುಕ್ತಾಕ್ಷರದಿಂದ ಆರಂಭವಾಗುವ ಪುಟಗಳನ್ನು ತೆರೆದರೆ ಗ್ಲೀಮ್, ಗ್ಲಿಂಟ್, ಗ್ಲಿಸನ್, ಗ್ಲಿಟರ್, ಗ್ಲೋ ಎಂಬ ಪದಗಳು ಹತ್ತಿರಹತ್ತಿರದಲ್ಲೇ ಸಿಗುತ್ತವೆ, ಮತ್ತು ಇವೆಲ್ಲವೂ ಒಂದಲ್ಲ ಒಂದು ಬಗೆಯ ಹೊಳಪನ್ನೋ ಮಿನುಗನ್ನೋ ಹೇಳುತ್ತವೆ. ದುರುಗುಟ್ಟಿ ನೋಡುವುದಕ್ಕಿರುವ ಗ್ಲೇರ್, ಹಾಗೆ ಕಣ್ಣು ಹಾಯಿಸುವುದಕ್ಕಿರುವ ಗ್ಲಾನ್ಸ್, ಕ್ಷಣಮಾತ್ರ ಕಂಡು ಮರೆಯಾಗುವುದಕ್ಕಿರುವ ಗ್ಲಿಂಪ್ಸ್ ಇವೂ ಅಲ್ಲೇ ಇವೆ. ಇವುಗಳ ನಡುವೆಯೇ ಕೈಗವಸಿನ ಹೆಸರಾದ ಗ್ಲವ್, ಅಂಟಿನ ಹೆಸರಾದ ಗ್ಲೂ ಎಂಬ ಪದಗಳೂ ಇದ್ದು, ಅವಕ್ಕೂ ಬೆಳಕಿಗೂ ಯಾವ ಸಂಬಂಧವೂ ಕಾಣುವುದಿಲ್ಲ. ಮೊದಲಕ್ಷರಗಳು ಒಂದೇ ಆಗಿರುವ ಪದಗಳ ಅರ್ಥಗಳು ಹೀಗೆ ಒಂದರ ಕಡೆಗೊಂದು ವಾಲಿರುವುದು ಆಕಸ್ಮಿಕವೋ, ಧ್ವನಿಗಳ ಸ್ವಭಾವವೋ, ಇಲ್ಲವೆ ಭಾಷೆಯ ಚರಿತ್ರೆಯಲ್ಲಿ ಕೂಡಿಬಂದ ಫಲವೋ ಎಂಬ ಪ್ರಶ್ನೆಯನ್ನು ಇಂಗ್ಲಿಷ್ ವಿದ್ವಾಂಸರು ಕನಿಷ್ಠ 350 ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಈ ಚರ್ಚೆಗೆ ನೆಲೆಯಾದದ್ದು ಪದಗಳನ್ನು ಅಕ್ಷರಕ್ಕನುಗುಣವಾಗಿ ಜೋಡಿಸುವ ಪದ್ಧತಿ. ಇಂದು ಸಹಜವೆಂದು ತೋರುವ ಆ ಪದ್ಧತಿಯು ಬಹಳ ನಿಧಾನವಾಗಿ ರೂಢಿಗೆ ಬಂದದ್ದರಿಂದ ಅಲ್ಲಿಂದಲೇ ಕಥನವನ್ನು ತೊಡಗಿಸಬೇಕಾಗುತ್ತದೆ.

ಇಂಗ್ಲೆಂಡಿನ ಮಠಗಳಲ್ಲಿ ಲ್ಯಾಟಿನ್ ಗ್ರಂಥಗಳನ್ನು ಓದುತ್ತಿದ್ದ ಸನ್ಯಾಸಿಗಳು ಕಠಿನ ಪದಗಳ ಮೇಲೆ ಅಥವಾ ಅಂಚಿನಲ್ಲಿ ಅವುಗಳ ಅರ್ಥವನ್ನು ಚಿಕ್ಕದಾಗಿ ಬರೆದಿಡುತ್ತಿದ್ದರು, ಮತ್ತು ಇಂಥ ಟಿಪ್ಪಣಿಗಳನ್ನು ಒಂದೆಡೆ ಒಟ್ಟುಮಾಡಿದಾಗ ಪದಾರ್ಥ ಸಂಗ್ರಹಗಳು, ಅಂದರೆ ನಿಘಂಟಿನ ಪೂರ್ವರೂಪಗಳು, ಹುಟ್ಟಿಕೊಂಡವು. ಉಳಿದುಬಂದಿರುವ ಅಂಥ ಮೂರು ಹಸ್ತಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅಕ್ಷರಾನುಕ್ರಮವು ಮೆಟ್ಟಿಲುಮೆಟ್ಟಿಲಾಗಿ ಬೆಳೆದ ಬಗೆ ಕಣ್ಣಿಗೆ ಕಟ್ಟುತ್ತದೆ. ಸುಮಾರು 800ರ ಲೈಡನ್ ಪ್ರತಿಯಲ್ಲಿ ಪದಗಳು ಮೂಲಗ್ರಂಥದಲ್ಲಿ ಬಂದ ಸರದಿಯಲ್ಲೇ ಉಳಿದಿವೆ. ಎಪಿನಾಲ್ ಪ್ರತಿಯಲ್ಲಿ ಮೊದಲ ಅಕ್ಷರ ಒಂದೇ ಆಗಿರುವ ಪದಗಳನ್ನು ಒಂದು ಗುಂಪಾಗಿ ಸೇರಿಸುವ ಕ್ರಮ ಕಾಣಿಸಿಕೊಂಡಿದೆ. ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿರುವ ಪ್ರತಿಯಲ್ಲಿ ಮೊದಲ ಎರಡು ಅಕ್ಷರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ. ಎರಡನೆಯ ಅಕ್ಷರದವರೆಗೆ ಹೋಗುವುದೆಂದರೆ ಚರ್ಮದ ಹಾಳೆಯ ಮೇಲೆ ಬರೆದ ಇಡೀ ಸಂಗ್ರಹವನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಹುಡುಕಿ ನಕಲು ಮಾಡುವುದೆಂದೇ ಅರ್ಥವಾಗಿದ್ದುದರಿಂದ, ಒಂದೊಂದು ಅಕ್ಷರದ ಹಿಂದೆಯೂ ಅಪಾರ ಕೈದುಡಿಮೆ ಇತ್ತೆಂಬುದನ್ನು ಮರೆಯುವಂತಿಲ್ಲ.

ಆದರೆ ಈ ಕ್ರಮಕ್ಕೆ ಎಲ್ಲರ ಮನ್ನಣೆ ಇರಲಿಲ್ಲ. ಸುಮಾರು 1000ದ ಹೊತ್ತಿಗೆ ಎಲ್ಫ್ರಿಕ್ ಎಂಬ ಮಠಾಧಿಪತಿ ತನ್ನ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಪದಸಂಗ್ರಹವು ದೇವರಿಂದ ಆರಂಭವಾಗಿ, ಸ್ವರ್ಗ, ದೇವದೂತರು, ಸೂರ್ಯ, ಚಂದ್ರ, ಭೂಮಿ, ಸಮುದ್ರ ಎಂದು ಸೃಷ್ಟಿಯ ಕ್ರಮದಲ್ಲಿ ಇಳಿಯುತ್ತದೆ. ಸ್ವರ್ಗವರ್ಗ, ವ್ಯೋಮವರ್ಗ ಎಂದು ಮೊದಲಾಗುವ ಅಮರಕೋಶವನ್ನು ಬಲ್ಲ ಕನ್ನಡಿಗರಿಗೆ ಈ ವಿಷಯಾನುಸಾರಿ ಜೋಡಣೆ ಅಪರಿಚಿತವೆನಿಸದು. ವಸ್ತುಗಳಿಗೆ ಲೋಕದಲ್ಲಿ ಒಂದು ತಾರತಮ್ಯವಿರುವಾಗ ಅವುಗಳ ಹೆಸರುಗಳನ್ನು ಕೇವಲ ಮೊದಲಕ್ಷರ ನೋಡಿ ಕಲಸಿಬಿಡುವುದು ಅಂದಿನ ಪಂಡಿತರಿಗೆ ಅವ್ಯವಸ್ಥೆಯಾಗಿಯೇ ಕಂಡಿರಬೇಕು. ಜಿನೋವಾದ ಜಾನ್ ಬಾಲ್ಬಸ್ ಎಂಬ ಡೊಮಿನಿಕನ್ ಸನ್ಯಾಸಿ 1286ರಲ್ಲಿ ಮುಗಿಸಿದ ‘ಕ್ಯಾಥೊಲಿಕಾನ್’ ಎಂಬ ಲ್ಯಾಟಿನ್ ಕೋಶದಲ್ಲಿ ಪದದ ಎಲ್ಲ ಅಕ್ಷರಗಳನ್ನೂ ಅನುಸರಿಸುವ ಪೂರ್ಣ ಅಕ್ಷರಾನುಕ್ರಮ ಬಂದಾಗಲೂ, ‘ಎ’ ಇಂದ ಆರಂಭವಾಗುವ ಪದವು ‘ಬಿ’ ಇಂದ ಆರಂಭವಾಗುವ ಪದಕ್ಕಿಂತ ಏಕೆ ಮೊದಲು ಬರುತ್ತದೆಂಬುದನ್ನು ಅವನು ಉದಾಹರಣೆಗಳ ಸಮೇತ ವಿವರಿಸಬೇಕಾಯಿತು. ಮುನ್ನೂರು ವರ್ಷಗಳ ಬಳಿಕವೂ ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಕೇವಲ ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟೆಂದು ಸಾಮಾನ್ಯವಾಗಿ ಮನ್ನಣೆ ಪಡೆದಿರುವುದು ರಾಬರ್ಟ್ ಕಾಡ್ರಿ ಎಂಬ ಶಾಲಾಮಾಸ್ತರ 1604ರಲ್ಲಿ ಹೊರತಂದ ‘ಎ ಟೇಬಲ್ ಆಲ್ಫಬೆಟಿಕಲ್’; ಸುಮಾರು 2,500 ಕಠಿನ ಪದಗಳ ಈ ಕಿರುಹೊತ್ತಗೆಯ ಮೊದಲ ಮುದ್ರಣದ ಒಂದೇ ಒಂದು ಪ್ರತಿ ಇಂದು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ. ಓದುಗರು ಮೊದಲು ಅಕ್ಷರಮಾಲೆಯನ್ನು ಪುಸ್ತಕ ನೋಡದೆ ಹೇಳುವಷ್ಟು ಕಲಿತಿರಬೇಕು, ‘ಸಿ–ಎ’ ಎಂದು ಆರಂಭವಾಗುವ ಪದವನ್ನು ‘ಸಿ’ ಭಾಗದ ಮೊದಲಲ್ಲೂ ‘ಸಿ–ಯು’ ಎಂದು ಆರಂಭವಾಗುವುದನ್ನು ಅದರ ಕೊನೆಯ ಕಡೆಗೂ ಹುಡುಕಬೇಕು ಎಂದು ಕಾಡ್ರಿ ಮುನ್ನುಡಿಯಲ್ಲಿ ತಿಳಿಹೇಳುತ್ತಾನೆ. ಮೊದಲ ಎರಡಕ್ಷರಗಳನ್ನು ಹಿಡಿದು ಪದವನ್ನು ಪತ್ತೆಮಾಡುವುದು 17ನೇ ಶತಮಾನದ ಆರಂಭದ ಇಂಗ್ಲಿಷ್ ಓದುಗನಿಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಕಾಡ್ರಿಯ ಪುಸ್ತಕ ಬಂದು ಐವತ್ತು ವರ್ಷಗಳೊಳಗೆ, ಪದಗಳ ಮೊದಲಕ್ಷರಗಳಲ್ಲಿ ಹುಡುಕುವ ಅನುಕೂಲಕ್ಕಿಂತ ಹೆಚ್ಚಿನದೇನೋ ಇದೆಯೆಂದು ವಾದಿಸಿದ ಗ್ರಂಥ ಪ್ರಕಟವಾಯಿತು. ಅದರ ಕರ್ತೃ ಜಾನ್ ವಾಲಿಸ್ ವೃತ್ತಿಯಲ್ಲಿ ಗಣಿತಜ್ಞ. 1649ರಿಂದ ಆಕ್ಸ್‌ಫರ್ಡ್‌ನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾಗಿದ್ದವನು, ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟಿನ ಪಕ್ಷಕ್ಕಾಗಿ ಶತ್ರುಗಳ ಗುಪ್ತಲಿಪಿಯ ಪತ್ರಗಳನ್ನು ಒಡೆದು ಓದಿದವನು, ಅನಂತವನ್ನು ಸೂಚಿಸಲು ಇಂದಿಗೂ ಬಳಕೆಯಲ್ಲಿರುವ ಅಡ್ಡಮಲಗಿದ ಎಂಟರ ಚಿಹ್ನೆಯನ್ನು ಗಣಿತಕ್ಕೆ ತಂದವನು. ಅಕ್ಷರಗಳ ಸಾಲಿನಲ್ಲಿ ಅಡಗಿರುವ ಕ್ರಮವನ್ನು ಪತ್ತೆಹಚ್ಚುವ ಗುಪ್ತಲಿಪಿಕಾರನ ಕಣ್ಣೇ ಅವನ ವ್ಯಾಕರಣದಲ್ಲೂ ಕೆಲಸ ಮಾಡಿದೆಯೆಂದು ಭಾವಿಸಲು ಅವಕಾಶವಿದೆ. 1653ರಲ್ಲಿ ವಿದೇಶೀಯರಿಗಾಗಿ ಲ್ಯಾಟಿನ್ನಿನಲ್ಲಿ ಬರೆದು ಪ್ರಕಟಿಸಿದ, ಬಳಿಕ ಹಲವು ಬಾರಿ ಮುದ್ರಣಗೊಂಡ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ವಾಲಿಸ್, ಇಂಗ್ಲಿಷಿನ ಅಚ್ಚ ದೇಶ್ಯ ಪದಗಳಲ್ಲಿ ಧ್ವನಿಗೂ ಅರ್ಥಕ್ಕೂ ಒಂದು ಹೊಂದಿಕೆ ಇದೆಯೆಂದು ಪ್ರತಿಪಾದಿಸಿ, ಅದನ್ನು ಮೊದಲಕ್ಷರಗಳ ಪಟ್ಟಿಯ ಮೂಲಕ ತೋರಿಸಿದ.

ಆ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ‘ಸ್ಟ್ರ’ ಎಂದು ಆರಂಭವಾಗುವ ಪದಗಳು ಬಲವನ್ನೂ ಬಲಪ್ರಯೋಗವನ್ನೂ ಸೂಚಿಸುತ್ತವೆ: ಬಲಶಾಲಿ ಎಂಬ ಅರ್ಥದ ಸ್ಟ್ರಾಂಗ್, ಹೊಡೆಯುವ ಸ್ಟ್ರೈಕ್, ಹೆಣಗಾಡುವ ಸ್ಟ್ರೈವ್, ಎಳೆದು ಬಿಗಿಯುವ ಸ್ಟ್ರೆಚ್. ಅದರಲ್ಲಿನ ‘ರ’ಕಾರ ಇಲ್ಲವಾಗಿ ‘ಸ್ಟ’ ಮಾತ್ರ ಉಳಿದರೆ ಬಲ ಕುಗ್ಗಿ, ಇರುವುದನ್ನು ಇದ್ದಲ್ಲೇ ಉಳಿಸಿಕೊಳ್ಳುವಷ್ಟಕ್ಕೆ ನಿಲ್ಲುತ್ತದೆ, ನಿಲ್ಲುವ ಸ್ಟ್ಯಾಂಡ್, ತಂಗುವ ಸ್ಟೇ, ತಡೆದು ನಿಲ್ಲಿಸುವ ಸ್ಟಾಪ್ ಎಂಬಲ್ಲಿ ಇರುವಂತೆ. ‘ಥ್ರ’ ರಭಸದ ಚಲನೆಗೆ, ‘ಸ್ವ’ ಸದ್ದಿಲ್ಲದ ತೂಗಾಟಕ್ಕೆ, ‘ಸ್ಲ’ ಜಾರಿಕೆಗೆ, ‘ಕ್ಲ’ ಅಂಟಿಕೊಳ್ಳುವುದಕ್ಕೆ, ‘ಸ್ಪ’ ಚೆದುರಿ ಹರಡುವುದಕ್ಕೆ ಸಲ್ಲುತ್ತವೆ. ‘ಡಬ್ಲ್ಯೂ’ ಮತ್ತು ‘ಆರ್’ ಅಕ್ಷರಗಳು ಸೇರಿ ಬಂದಲ್ಲಿ ತಿರುಚುವಿಕೆ, ಸೊಟ್ಟತನ: ಬಟ್ಟೆ ಹಿಂಡುವ ‘ರಿಂಗ್’, ಕೈಯಿಂದ ತಿರುಚಿ ಕಸಿಯುವ ‘ರೆಸ್ಟ್’, ಸುತ್ತಿ ಹೆಣೆಯುವ ‘ರೀದ್’, ತಪ್ಪು ಎಂಬರ್ಥದ ‘ರಾಂಗ್’ ಇವೆಲ್ಲ ಬರಹದಲ್ಲಿ ಹಾಗೆ ಆರಂಭವಾಗುವ ಪದಗಳು. ವಾಲಿಸ್ ಮೊದಲಕ್ಷರಗಳಿಗೇ ನಿಲ್ಲದೆ ಪದದ ಕೊನೆಯವರೆಗೂ ಹೋಗುತ್ತಾನೆ. ಕಿಡಿ ಚಿಮ್ಮುವುದಕ್ಕಿರುವ ‘ಸ್ಪಾರ್ಕಲ್’ ಎಂಬ ಪದವನ್ನು ಬಿಡಿಸಿ, ಅದರ ‘ಸ್ಪ’ ಭಾಗವು ಚೆದುರುವಿಕೆಯನ್ನೂ, ನಡುವಿನ ‘ಆರ್’ ಚುರುಕಾದ ಚಟಪಟ ಸದ್ದನ್ನೂ, ‘ಕ’ ಆ ಸದ್ದು ಥಟ್ಟನೆ ತುಂಡಾಗುವುದನ್ನೂ, ‘ಲ’ ಅದೇ ಮತ್ತೆ ಮತ್ತೆ ನಡೆಯುವುದನ್ನೂ ಹೇಳುತ್ತವೆಂದು ವಿವರಿಸುತ್ತಾನೆ. ಒಂದೇ ಪದದೊಳಗೆ ಒಂದು ಇಡೀ ಘಟನೆಯನ್ನು ಕಾಣುವ ಈ ವಿಶ್ಲೇಷಣೆಯನ್ನು ಒಪ್ಪದಿದ್ದರೂ ಅದರ ಹಿಂದಿರುವ ಕಿವಿಯ ಸೂಕ್ಷ್ಮತೆಯನ್ನು ಮೆಚ್ಚದಿರುವುದು ಕಷ್ಟ.

ಧ್ವನಿಗೆ ಸ್ವಂತ ಅರ್ಥವಿದೆಯೆಂಬ ವಿಚಾರ ಹೊಸದಾಗಿರಲಿಲ್ಲ. ಪ್ಲೇಟೋನ ‘ಕ್ರಾಟಿಲಸ್’ ಸಂವಾದದಲ್ಲೇ ‘ರ’ಕಾರವು ಚಲನೆಗೂ ‘ಲ’ಕಾರವು ನುಣುಪಿಗೂ ತಕ್ಕುದೆಂಬ ಮಾತು ಬರುತ್ತದೆ. ವಾಲಿಸ್ ಮಾಡಿದ ಹೊಸ ಕೆಲಸವೆಂದರೆ ಒಂಟಿ ಧ್ವನಿಗಳನ್ನು ಬಿಟ್ಟು ಮೊದಲ ಸಂಯುಕ್ತಾಕ್ಷರವನ್ನು ಘಟಕವಾಗಿ ಹಿಡಿದು, ಪ್ರತಿಯೊಂದರಡಿಯಲ್ಲಿ ಪದಗಳ ಸಾಲನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದು. ಇದಕ್ಕೆ ನೇರ ವಿರುದ್ಧವಾದ ನಿಲುವು ಕೆಲವೇ ದಶಕಗಳಲ್ಲಿ ಜಾನ್ ಲಾಕ್‌ನಿಂದ ಬಂತು. ಧ್ವನಿಗೂ ಭಾವನೆಗೂ ಸಹಜ ಸಂಬಂಧವಿದ್ದಿದ್ದರೆ ಮನುಷ್ಯರೆಲ್ಲರಿಗೂ ಒಂದೇ ಭಾಷೆ ಇರಬೇಕಿತ್ತು, ಹಾಗಿಲ್ಲದಿರುವುದರಿಂದ ಪದಕ್ಕೆ ಅರ್ಥ ಬರುವುದು ಜನರ ಸ್ವೇಚ್ಛೆಯ ಒಪ್ಪಂದದಿಂದ ಎಂಬುದು 1690ರಲ್ಲಿ ಪ್ರಕಟವಾದ ಮಾನವ ತಿಳಿವಳಿಕೆಯ ಕುರಿತ ಅವನ ಮಹಾಪ್ರಬಂಧದ ವಾದ. ಮುಂದಿನ ಶತಮಾನಗಳ ಭಾಷಾಚಿಂತನೆ ಬಹುಮಟ್ಟಿಗೆ ಈ ಎರಡು ಧ್ರುವಗಳ ನಡುವೆಯೇ ಓಡಾಡಿತು.

ಎರಡೂ ಪ್ರವಾಹಗಳು, ಅಂದರೆ ಅಕ್ಷರಾನುಕ್ರಮದ ಕೋಶ ಮತ್ತು ಮೊದಲಕ್ಷರದ ಅರ್ಥವಿಚಾರ, ಒಂದೇ ಗ್ರಂಥದಲ್ಲಿ ಸಂಧಿಸಿದ್ದು 1755ರಲ್ಲಿ. ಆ ವರ್ಷದ ಏಪ್ರಿಲ್ 15ರಂದು ಲಂಡನ್ನಿನಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಹೊರಬಂದ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟಿನಲ್ಲಿ 42,000ಕ್ಕೂ ಹೆಚ್ಚು ಪದನಮೂದುಗಳಿದ್ದು, ಅದಕ್ಕೆ ಮೊದಲು ಅಚ್ಚಾಗಿರುವ ವ್ಯಾಕರಣ ಭಾಗದಲ್ಲಿ ಜಾನ್ಸನ್ ವಾಲಿಸ್‌ನ ಮೊದಲಕ್ಷರಗಳ ಪಟ್ಟಿಯನ್ನು ಪುಟಗಟ್ಟಲೆ ಇಂಗ್ಲಿಷಿಗೆ ತಂದುಕೊಟ್ಟಿದ್ದಾನೆ. ಅದು ಜಾಣ್ಮೆಯ ವಿಚಾರವೇ ಆದರೂ ಅದರಲ್ಲಿ ಗಟ್ಟಿತನಕ್ಕಿಂತ ಸೂಕ್ಷ್ಮತೆಯೇ ಹೆಚ್ಚು, ಇಂಥ ಪಟ್ಟಿಯನ್ನು ಯಾವ ಭಾಷೆಯಲ್ಲಾದರೂ ಕೊನೆಯಿಲ್ಲದಂತೆ ಬೆಳೆಸಬಹುದು ಎಂದು ಅವನು ಎಚ್ಚರಿಸಿದ. ಎಚ್ಚರಿಕೆ ನ್ಯಾಯವಾದದ್ದು. ‘ಸ್ಟ್ರ’ ಗುಂಪನ್ನೇ ತೆಗೆದುಕೊಂಡರೆ, ಬೀದಿ ಎಂಬರ್ಥದ ಸ್ಟ್ರೀಟ್ ಕಲ್ಲು ಹಾಸಿದ ದಾರಿಯನ್ನು ಹೇಳುವ ಲ್ಯಾಟಿನ್ ಪದದಿಂದಲೂ, ವಿಚಿತ್ರ ಎಂಬರ್ಥದ ಸ್ಟ್ರೇಂಜ್ ‘ಹೊರಗಿನ’ ಎಂದು ಹೇಳುವ ಲ್ಯಾಟಿನ್ ಪದದಿಂದ ಫ್ರೆಂಚ್ ಮೂಲಕವೂ ಬಂದಿವೆ. ಒಣಹುಲ್ಲಿಗಿರುವ ಸ್ಟ್ರಾ ಅಚ್ಚ ಇಂಗ್ಲಿಷೇ ಆದರೂ ಅದರಲ್ಲಿ ಬಲದ ಸುಳಿವಿಲ್ಲ. ಒಪ್ಪುವ ಪದಗಳನ್ನಷ್ಟೇ ಆರಿಸಿಕೊಂಡು ಒಪ್ಪದವನ್ನು ಬಿಟ್ಟರೆ ಏನನ್ನಾದರೂ ಸಾಧಿಸಬಹುದೆಂಬ ಆಕ್ಷೇಪಣೆಗೆ ವಾಲಿಸ್‌ನ ಪಟ್ಟಿಯೊಳಗೆ ಉತ್ತರವಿಲ್ಲ.

ಮೊದಲಕ್ಷರಗಳು ಒಂದೇ ಆಗಿರುವ ಪದಗಳು ಎಷ್ಟು ಸುಲಭವಾಗಿ ಒಂದರೊಳಗೊಂದು ಬೆರೆತುಹೋಗುತ್ತವೆಂಬುದಕ್ಕೆ ಜಾನ್ಸನ್‌ನ ನಿಘಂಟೇ ಒಂದು ಪ್ರಸಿದ್ಧ ನಿದರ್ಶನವನ್ನು ಒದಗಿಸಿತು. ತೆಂಗಿನ ಮರಕ್ಕೆ ಪೋರ್ಚುಗೀಸರಿಂದ ಬಂದ ಹೆಸರು ‘ಕೋಕೋ’, ಇಂಗ್ಲಿಷ್ ಬರಹದಲ್ಲಿ ನಾಲ್ಕೇ ಅಕ್ಷರಗಳದ್ದು. ಚಾಕೊಲೇಟು ತಯಾರಿಸುವ ಬೀಜಕ್ಕೆ ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಬಂದ ಹೆಸರು ‘ಕಕಾವ್’. ಜಾನ್ಸನ್‌ನ ಕೋಶದಲ್ಲಿ ಎರಡೂ ಒಂದೇ ಶೀರ್ಷಿಕೆಯಡಿ, ಕೊನೆಗೆ ‘ಎ’ ಅಕ್ಷರ ಸೇರಿದ ‘ಕೋಕೋ’ ಎಂಬ ಕಾಗುಣಿತದಲ್ಲಿ ಅಚ್ಚಾದವು. ತಾಳೆಯ ಜಾತಿಯ ಮರವೆಂಬ ವಿವರಣೆಯೂ ಚಾಕೊಲೇಟಿನ ಬೀಜದ ವಿವರಣೆಯೂ ಅಲ್ಲಿ ಒಂದರ ಕೆಳಗೊಂದು ಬಂದಿವೆ. ನಿಘಂಟಿನ ಪ್ರತಿಷ್ಠೆಯಿಂದಾಗಿ ಈ ಬೆರಕೆ ಬರಹದಲ್ಲಿ ಬೇರೂರಿತು, ಮತ್ತು 19ನೇ ಶತಮಾನದಲ್ಲಿ ಮೈಸೂರು ಸೀಮೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಬರಹಗಳಲ್ಲೂ ತೆಂಗಿನಕಾಯಿಗೆ ಚಾಕೊಲೇಟಿನ ಕಾಗುಣಿತವೇ ಅಂಟಿಕೊಂಡಿರುವುದನ್ನು ಕಾಣಬಹುದು.

ವಾಲಿಸ್‌ನ ಪ್ರಶ್ನೆಗೆ ಚರಿತ್ರೆಯ ಬೆಳಕು ಬಿದ್ದದ್ದು 19ನೇ ಶತಮಾನದಲ್ಲಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ ಮೇಲೆ ತೌಲನಿಕ ಭಾಷಾಶಾಸ್ತ್ರ ಬೆಳೆದು, ಪದಗಳ ನಂಟನ್ನು ಮೇಲುನೋಟದ ಸಾಮ್ಯದಿಂದ ಅಳೆಯಬಾರದು, ಧ್ವನಿಬದಲಾವಣೆಯ ನಿಯಮಗಳಿಂದ ಅಳೆಯಬೇಕು ಎಂಬ ಶಿಸ್ತು ಬಂತು. ಈ ಶಿಸ್ತಿನ ಕಟ್ಟುನಿಟ್ಟಿನ ಪ್ರತಿಪಾದಕನಾಗಿದ್ದ ಮ್ಯಾಕ್ಸ್ ಮುಲ್ಲರ್, ಭಾಷೆಯು ಸದ್ದುಗಳ ಅನುಕರಣೆಯಿಂದ ಹುಟ್ಟಿತೆಂಬ ಮತವನ್ನು ನಾಯಿಯ ಬೊಗಳುವಿಕೆಯ ಹೆಸರಿಟ್ಟು ತಳ್ಳಿಹಾಕಿದರೆ, ಡಾರ್ವಿನ್ನನ ಬಂಧುವಾದ ಹೆನ್ಸ್‌ಲಿ ವೆಜ್‌ವುಡ್ ಅದೇ ಮತವನ್ನು ಆಧರಿಸಿ ಒಂದು ಇಡೀ ವ್ಯುತ್ಪತ್ತಿ ಕೋಶವನ್ನೇ ಬರೆದ. ಇವರಿಬ್ಬರ ಜಗಳಕ್ಕಿಂತ ಹೆಚ್ಚಿನ ಫಲ ಕೊಟ್ಟದ್ದು ಲಂಡನ್ನಿನ ಫಿಲಲಾಜಿಕಲ್ ಸೊಸೈಟಿ 1857ರಲ್ಲಿ ಚಾಲನೆ ಕೊಟ್ಟ ಹೊಸ ನಿಘಂಟಿನ ಯೋಜನೆ, ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟೆಂದು ಹೆಸರಾದದ್ದು. ಪ್ರತಿ ಪದದ ಪ್ರತಿ ಬಳಕೆಯನ್ನೂ ಕಾಲಾನುಕ್ರಮದಲ್ಲಿ ದಾಖಲಿಸುವ ಉದ್ದೇಶದಿಂದ ನೂರಾರು ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಓದಿ ಒಂದೊಂದು ಬಳಕೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ಕಳಿಸಿದರು. 1879ರಲ್ಲಿ ಸಂಪಾದಕತ್ವ ವಹಿಸಿಕೊಂಡ ಜೇಮ್ಸ್ ಮರ್ರೆ ಆ ಚೀಟಿಗಳಿಗಾಗಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಅದರ ಗೋಡೆಗಳಿಗೆ ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಮಾಡಿಸಿದ್ದ. ಮೊದಲಕ್ಷರದ ಪ್ರಕಾರ ಚೀಟಿಗಳನ್ನು ವಿಂಗಡಿಸುವ ಕೆಲಸದಲ್ಲಿ ಅವನ ಹನ್ನೊಂದು ಮಕ್ಕಳೂ ಕೈಜೋಡಿಸುತ್ತಿದ್ದರು. ಹಿಂದಿನ ಉಪಸಂಪಾದಕರ ಬಳಿ ಉಳಿದಿದ್ದ ಅಕ್ಷರಭಾಗಗಳನ್ನು ಮರ್ರೆ ದೂರದೂರದಿಂದ ತರಿಸಿಕೊಳ್ಳಬೇಕಾಯಿತು. ‘ಎಚ್’ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸಿನಲ್ಲಿ ದೊರೆತವು, ‘ಪಿ–ಎ’ ಎಂದು ಆರಂಭವಾಗುವ ಪದಗಳ ಚೀಟಿಗಳಲ್ಲಿ ಅಳಿದುಳಿದವು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಿಕ್ಕವು, ಉಳಿದವು ಅದಾಗಲೇ ಬೆಂಕಿ ಹೊತ್ತಿಸಲು ಬಳಕೆಯಾಗಿಹೋಗಿದ್ದವು. ‘ಎ’ ಇಂದ ‘ಆ್ಯಂಟ್’ವರೆಗಿನ ಮೊದಲ ಕಂತು 1884ರಲ್ಲಿ, ಕೊನೆಯ ಕಂತು 1928ರಲ್ಲಿ ಪ್ರಕಟವಾದವು. ಮರ್ರೆ 1915ರಲ್ಲಿ ‘ಟಿ’ ಅಕ್ಷರದ ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದ.

ಈ ದಾಖಲೆಗಳ ನೆರವಿನಿಂದ ವಾಲಿಸ್‌ನ ಗುಂಪುಗಳನ್ನು ಮತ್ತೆ ಪರಿಶೀಲಿಸಿದಾಗ ಕಾಣುವ ಚಿತ್ರ ಅವನ ಊಹೆಗಿಂತಲೂ ಲಾಕ್‌ನ ನಿರಾಕರಣೆಗಿಂತಲೂ ಭಿನ್ನವಾಗಿದೆ. ತಿರುಚುವಿಕೆಯ ಪದಗಳಲ್ಲಿ ಬಹುಪಾಲು, ತಿರುಗು ಎಂಬರ್ಥದ ಒಂದೇ ಪ್ರಾಚೀನ ಧಾತುವಿನ ಸಂತಾನವೆಂದು ವಿದ್ವಾಂಸರು ಗುರುತಿಸುತ್ತಾರೆ. ಹಾಗಾಗಿ ಅಲ್ಲಿನ ಸಾಮ್ಯ ರಕ್ತಸಂಬಂಧದ ಸಾಮ್ಯ. ಅದರ ಮೊದಲ ವ್ಯಂಜನವು ಉಚ್ಚಾರಣೆಯಿಂದ ಮಾಯವಾಗಿ ಇಂದು ಕಾಗುಣಿತದಲ್ಲಷ್ಟೇ ಉಳಿದಿರುವುದರಿಂದ, ಆ ಗುಂಪಿನ ಒಗ್ಗಟ್ಟನ್ನು ಈಗ ಕಿವಿಗಿಂತ ಹೆಚ್ಚಾಗಿ ನಿಘಂಟಿನ ಪುಟವೇ ಕಾಪಾಡಿಕೊಂಡಿದೆ. ‘ಗ್ಲ’ ಗುಂಪಿನಲ್ಲೂ ಹೊಳಪಿಗೆ ಸಂಬಂಧಿಸಿದ ಒಂದು ಹಳೆಯ ಬೇರು ಇದೆ. ಸಂತೋಷಗೊಂಡ ಎಂಬರ್ಥದ ‘ಗ್ಲ್ಯಾಡ್’ ಹಳೆಯ ಇಂಗ್ಲಿಷಿನಲ್ಲಿ ‘ಬೆಳಗುವ’ ಎಂಬರ್ಥವನ್ನೂ ಹೊಂದಿತ್ತು. ಆದರೆ ಗುಂಪಿನ ಎಲ್ಲ ಸದಸ್ಯರೂ ಆ ಮನೆಯಲ್ಲಿ ಹುಟ್ಟಿದವರಲ್ಲ. ಗ್ಲಿಟರ್ ಸ್ಕ್ಯಾಂಡಿನೇವಿಯನ್ ವಲಸಿಗರೊಂದಿಗೆ ಬಂತು. ಕಣ್ಣೋಟದ ಗ್ಲಾನ್ಸ್ ಮೊದಲಿಗೆ ಆಯುಧವು ಓರೆಯಾಗಿ ತಾಗಿ ಜಾರುವುದನ್ನು ಹೇಳುತ್ತಿತ್ತು, ಜಾರುವುದನ್ನು ಹೇಳುವ ಫ್ರೆಂಚ್ ಪದದ ಪ್ರಭಾವ ಅದರಲ್ಲಿದೆ.

ಎಲ್ಲಕ್ಕಿಂತ ಬೋಧಪ್ರದವಾದದ್ದು ‘ಗ್ಲಾಮರ್’ ಎಂಬ ಪದದ ಪಯಣ. ಅದರ ಮೂಲ ವ್ಯಾಕರಣ ಎಂಬರ್ಥದ ‘ಗ್ರಾಮರ್’. ಮಧ್ಯಯುಗದ ಜನಸಾಮಾನ್ಯರ ದೃಷ್ಟಿಯಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವಿದ್ಯೆ, ಲ್ಯಾಟಿನ್ ವಿದ್ಯೆಯೆಂದರೆ ಗುಪ್ತವಿದ್ಯೆ, ಗುಪ್ತವಿದ್ಯೆಯೆಂದರೆ ಮಾಟ ಎಂದು ಅರ್ಥ ಸರಿಯುತ್ತ ಹೋಗಿ, ಸ್ಕಾಟ್‌ಲೆಂಡಿನ ಆಡುಮಾತಿನಲ್ಲಿ ‘ಗ್ರ’ ಎಂಬುದು ‘ಗ್ಲ’ ಆಗಿ, ಕಣ್ಕಟ್ಟು ಮಾಡುವ ಮಂತ್ರಕ್ಕೆ ಈ ಹೆಸರು ಬಂತು. ಅದನ್ನು ಸಾಹಿತ್ಯದ ಇಂಗ್ಲಿಷಿಗೆ ಪರಿಚಯಿಸಿದವರಲ್ಲಿ ವಾಲ್ಟರ್ ಸ್ಕಾಟ್ ಮುಖ್ಯನು. ‘ಗ್ರ’ ಇದ್ದಷ್ಟು ಕಾಲ ಬೆಳಕಿಗೂ ಅದಕ್ಕೂ ಸಂಬಂಧವಿರಲಿಲ್ಲ. ‘ಗ್ಲ’ ಗುಂಪಿನ ನೆರೆಹೊರೆಗೆ ಬಂದ ಮೇಲೆ ಕಣ್ಣು ಕೋರೈಸುವ ಮೋಹಕತೆ ಎಂಬ ಇಂದಿನ ಅರ್ಥ ಅದಕ್ಕೆ ಒಗ್ಗಿತು. 20ನೇ ಶತಮಾನದ ಉತ್ತರಾರ್ಧದಲ್ಲಿ ಯಿಡ್ಡಿಶ್ ಮತ್ತು ಜರ್ಮನ್ ಕಡೆಯಿಂದ ಬಂದ ‘ಗ್ಲಿಟ್ಜ್’ ಎಂಬ ಪದ ಅಮೆರಿಕದ ಇಂಗ್ಲಿಷಿನಲ್ಲಿ ಬೇಗನೆ ಮನೆಮಾತಾದದ್ದೂ ಇದೇ ನೆರೆಹೊರೆಯ ಬಲದಿಂದ ಎನ್ನಲು ಅಡ್ಡಿಯಿಲ್ಲ.

ಮೂಗಿಗೆ ಸಂಬಂಧಿಸಿದ ‘ಸ್ನ’ ಗುಂಪಿನಲ್ಲಿ ಇದೇ ಸೆಳೆತ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. ಮೂಸುವ ಸ್ನಿಫ್, ಗೊರಕೆಯ ಸ್ನೋರ್, ಪ್ರಾಣಿಯ ಮೂತಿಯಾದ ಸ್ನೌಟ್, ನಶ್ಯದ ಸ್ನಫ್ ಇವುಗಳ ಜೊತೆಗೆ ಸೀನುವಿಕೆಯ ‘ಸ್ನೀಜ್’ ಸಹಜವಾಗಿ ಕುಳಿತಿದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಸೀನುವುದಕ್ಕಿದ್ದ ಪದ ‘ಫ್ನ’ ಎಂದು ಆರಂಭವಾಗುತ್ತಿತ್ತು, ಮತ್ತು 14ನೇ ಶತಮಾನದ ಕವಿ ಚಾಸರ್ ಕೂಡ ಅದನ್ನು ‘ಫ್ನ’ಕಾರದಿಂದಲೇ ಬರೆದಿದ್ದಾನೆ. ‘ಫ್ನ’ ಎಂಬ ಸಂಯುಕ್ತಾಕ್ಷರ ಇಂಗ್ಲಿಷಿನಿಂದ ಕಣ್ಮರೆಯಾಗುತ್ತಿದ್ದ 15ನೇ ಶತಮಾನದಲ್ಲಿ ಆ ಪದ ಒಂಟಿಯಾಗಿ ಉಳಿಯಿತು. ಅಂದಿನ ಲಿಪಿಯಲ್ಲೂ ಅಚ್ಚಿನಲ್ಲೂ ‘ಎಸ್’ ಅಕ್ಷರದ ಉದ್ದನೆಯ ರೂಪವೊಂದಿದ್ದು, ಅದು ನಡುಗೆರೆಯೊಂದನ್ನು ಬಿಟ್ಟರೆ ‘ಎಫ್’ ಅಕ್ಷರದಂತೆಯೇ ಇರುತ್ತಿತ್ತು. ಅಪರಿಚಿತವಾಗಿಹೋದ ‘ಫ್ನ’ವನ್ನು ಓದುಗರೋ ಮುದ್ರಕರೋ ‘ಸ್ನ’ ಎಂದು ಓದಿಕೊಂಡಿರಬೇಕೆಂಬುದು ಒಂದು ವಿವರಣೆ. ಮೂಗಿನ ಪದಗಳ ಗುಂಪು ಅದನ್ನು ತನ್ನೆಡೆಗೆ ಸೆಳೆದುಕೊಂಡಿತೆಂಬುದು ಇನ್ನೊಂದು, ಮತ್ತು ಎರಡೂ ಒಟ್ಟಿಗೇ ನಿಜವಾಗಿರಲು ಸಾಧ್ಯವಿದೆ: ತಪ್ಪು ಓದು ಬಾಗಿಲು ತೆರೆದಿರಬಹುದು, ಒಳಗೆ ಜಾಗ ಕೊಟ್ಟದ್ದು ಗುಂಪು.

ಇಂಥ ಗುಂಪುಗಳಿಗೆ ಶಾಸ್ತ್ರೀಯ ಹೆಸರು ದೊರೆತದ್ದು 1930ರಲ್ಲಿ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ 1928ರವರೆಗೆ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದು ಲಂಡನ್ನಿಗೆ ಮರಳಿದ ಜೆ. ಆರ್. ಫರ್ತ್ ‘ಸ್ಪೀಚ್’ ಎಂಬ ತನ್ನ ಪುಟ್ಟ ಪುಸ್ತಕದಲ್ಲಿ ಇವನ್ನು ‘ಫೋನೆಸ್ತೀಮ್’ ಎಂದು ಕರೆದ; ಧ್ವನಿ ಮತ್ತು ಸಂವೇದನೆ ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿದ ಈ ಸಂಜ್ಞೆಯನ್ನು ಕನ್ನಡದಲ್ಲಿ ಧ್ವನಿಸಂವೇದಕ ಎನ್ನಬಹುದು. ಧ್ವನಿಯಲ್ಲಿ ಹುಟ್ಟಿನಿಂದಲೇ ಅರ್ಥವಿದೆಯೆಂದು ಫರ್ತ್ ಹೇಳಲಿಲ್ಲ. ಸ್ವಿಟ್ಜರ್ಲೆಂಡಿನ ಸೊಸ್ಯೂರ್‌ನ ಉಪನ್ಯಾಸಗಳು 1916ರಲ್ಲಿ ಮರಣೋತ್ತರವಾಗಿ ಪ್ರಕಟವಾದಂದಿನಿಂದ ಧ್ವನಿ ಮತ್ತು ಅರ್ಥಗಳ ಸಂಬಂಧ ಯಾದೃಚ್ಛಿಕ, ಅಂದರೆ ಸ್ವಾಭಾವಿಕ ಕಾರಣವಿಲ್ಲದ್ದು, ಎಂಬ ಸೂತ್ರ ಬಲಗೊಂಡಿತ್ತು. ಫರ್ತ್ ಅದರೊಳಗೇ ಇದ್ದುಕೊಂಡು, ಒಂದೇ ಬಗೆಯ ಸಂದರ್ಭಗಳಲ್ಲಿ ಒಂದೇ ಮೊದಲಕ್ಷರದ ಪದಗಳನ್ನು ಮತ್ತೆ ಮತ್ತೆ ಕೇಳುವ ಮತ್ತು ಆಡುವ ಅಭ್ಯಾಸದಿಂದ ಆ ಭಾಷೆಯವರಿಗೆ ಆ ಧ್ವನಿಯೇ ಅರ್ಥದ ಸುಳಿವಾಗಿ ಪರಿಣಮಿಸುತ್ತದೆಂದು ಸೂಚಿಸಿದ. ಅಮೆರಿಕದ ಲೆನರ್ಡ್ ಬ್ಲೂಮ್‌ಫೀಲ್ಡ್ 1933ರ ತನ್ನ ಭಾಷಾಗ್ರಂಥದಲ್ಲಿ ಕೊಟ್ಟ ಪಟ್ಟಿ ವಾಲಿಸ್‌ನದಕ್ಕಿಂತ ಹರಿತವಾಗಿದೆ: ‘ಫ್ಲ’ ಚಲಿಸುವ ಬೆಳಕಿಗೆ, ‘ಗ್ಲ’ ನಿಂತ ಬೆಳಕಿಗೆ ಎಂಬ ಭೇದವನ್ನು ಅವನು ಗುರುತಿಸುತ್ತಾನೆ, ಮತ್ತು ‘ಸ್ನ’ಕ್ಕೆ ಉಸಿರಿನ ಸದ್ದು ಒಂದು ಅರ್ಥವಾದರೆ ಹಾವು, ಬಸವನಹುಳು, ನುಸುಳುವಿಕೆ ಇವುಗಳ ಇಂಗ್ಲಿಷ್ ಹೆಸರುಗಳಲ್ಲಿರುವ ತೆವಳುವಿಕೆ ಇನ್ನೊಂದು ಎಂದು ಬೇರ್ಪಡಿಸುತ್ತಾನೆ.

ಕನ್ನಡದಂಥ ಭಾಷೆಯಲ್ಲಿ ಈ ಸಾಧನ ಇದೇ ರೂಪದಲ್ಲಿ ಬೆಳೆಯಲು ಅವಕಾಶ ಕಡಿಮೆ, ಏಕೆಂದರೆ ಅಚ್ಚಗನ್ನಡ ಪದಗಳು ಸಾಮಾನ್ಯವಾಗಿ ಒತ್ತಕ್ಷರದಿಂದ ಆರಂಭವಾಗುವುದಿಲ್ಲ. ಇಂಗ್ಲಿಷಿನಿಂದ ಬಂದ ಸ್ಕೂಲು ಹಳ್ಳಿಯ ಬಾಯಲ್ಲಿ ಇಸ್ಕೂಲಾಗುವುದು ಅದರಿಂದಲೇ. ಧ್ವನಿಯಿಂದ ಅನುಭವವನ್ನು ಸೂಚಿಸುವ ಕೆಲಸವನ್ನು ಕನ್ನಡವು ಥಳಥಳ, ಮಿಣಮಿಣ, ದಡದಡ ಎಂಬಂಥ ಜೋಡುನುಡಿಗಳಿಂದ ಮಾಡಿಸಿಕೊಂಡಿದೆ, ಮತ್ತು ಅಂಥ ಅನುಕರಣ ಪದಗಳನ್ನು 13ನೇ ಶತಮಾನದ ಕೇಶಿರಾಜನೇ ಶಬ್ದಮಣಿದರ್ಪಣದಲ್ಲಿ ಗುರುತಿಸಿದ್ದಾನೆ. ಕೊಡವ ಭಾಷೆಯನ್ನೂ ನೀಲಗಿರಿಯ ಭಾಷೆಗಳನ್ನೂ ಅಭ್ಯಸಿಸಿದ ಎಂ. ಬಿ. ಎಮಿನೋ 1969ರ ಲೇಖನವೊಂದರಲ್ಲಿ, ಇಂಥ ಜೋಡುನುಡಿಗಳು ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳೆರಡಕ್ಕೂ ಸಮಾನವಾದ, ಭಾರತವನ್ನು ಒಂದು ಭಾಷಾಪ್ರದೇಶವಾಗಿಸುವ ಲಕ್ಷಣವೆಂದು ತೋರಿಸಿಕೊಟ್ಟರು.

ಆಯ್ದ ಪದಗಳ ಪಟ್ಟಿಯಿಂದ ಏನನ್ನಾದರೂ ಸಾಧಿಸಬಹುದೆಂಬ ಹಳೆಯ ಆಕ್ಷೇಪಣೆಗೆ ಉತ್ತರ ಬಂದದ್ದು ಎಣಿಕೆ ಮತ್ತು ಪ್ರಯೋಗಗಳಿಂದ. ಬೆಂಜಮಿನ್ ಬರ್ಗನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಯ್ದುಕೊಂಡ ಒಂದು ದೊಡ್ಡ ಪಠ್ಯಸಂಗ್ರಹದಲ್ಲಿ ‘ಗ್ಲ’ ಎಂದು ಆರಂಭವಾಗುವ ಬೇರೆಬೇರೆ ಪದಗಳಲ್ಲಿ ಶೇಕಡ 39ರಷ್ಟು ಬೆಳಕಿಗೋ ನೋಟಕ್ಕೋ ಸಂಬಂಧಿಸಿದವು, ಮತ್ತು ಆ ಪದಗಳು ಪಠ್ಯದಲ್ಲಿ ಎಷ್ಟು ಸಲ ಬಂದಿವೆಯೆಂದು ಲೆಕ್ಕ ಹಾಕಿದರೆ ಪ್ರಮಾಣ ಶೇಕಡ 60ಕ್ಕೆ ಏರುತ್ತದೆ. ಅದೇ ಅಧ್ಯಯನದ ಪ್ರಯೋಗದಲ್ಲಿ ಇಂಗ್ಲಿಷ್ ಮಾತನಾಡುವವರಿಗೆ ಒಂದು ಪದವನ್ನು ಕ್ಷಣಕಾಲ ತೋರಿಸಿ, ಬಳಿಕ ಇನ್ನೊಂದನ್ನು ತೋರಿಸಿ, ಅದು ನಿಜವಾದ ಪದವೋ ಅಲ್ಲವೋ ಎಂದು ಗುಂಡಿ ಒತ್ತಿ ಹೇಳುವಂತೆ ಕೇಳಲಾಯಿತು. ಗ್ಲಿಟರ್ ಆದ ಮೇಲೆ ಗ್ಲೋ ಬಂದಾಗ, ಅಂದರೆ ಮೊದಲಕ್ಷರವೂ ಅರ್ಥವೂ ಗುಂಪಿನದೇ ಆಗಿದ್ದಾಗ, ಉತ್ತರ ಬೇಗ ಬಂತು. ಅಕ್ಷರ ಮಾತ್ರ ಒಂದಾಗಿದ್ದ ಜೋಡಿಗಳಿಗಾಗಲಿ ಅರ್ಥ ಮಾತ್ರ ಹತ್ತಿರವಿದ್ದ ಜೋಡಿಗಳಿಗಾಗಲಿ ಅಷ್ಟು ಲಾಭ ದೊರೆಯಲಿಲ್ಲ. ವಾಲಿಸ್ ಕಿವಿಯಿಂದ ಗ್ರಹಿಸಿದ ಹೊಂದಿಕೆ ಇಂಗ್ಲಿಷ್ ಮಾತನಾಡುವವರ ಮನಸ್ಸಿನಲ್ಲಿ ನಿಜಕ್ಕೂ ಕೆಲಸ ಮಾಡುತ್ತಿದೆಯೆಂದು, ಅದರ ಕಾರಣದ ಬಗ್ಗೆ ಅವನು ಹೇಳಿದ್ದನ್ನು ಒಪ್ಪದೆಯೂ, ಈಗ ಹೇಳಬಹುದಾಗಿದೆ.

ನಿಘಂಟುಗಳು ಮಾತ್ರ ಈ ಸಂಗತಿಗೆ ಇನ್ನೂ ಸರಿಯಾದ ಜಾಗವನ್ನು ಕಂಡುಕೊಂಡಿಲ್ಲ. ನಿಷೇಧಾರ್ಥದ ‘ಅನ್’, ಪುನರಾವರ್ತನೆಯ ‘ರೀ’ ಮುಂತಾದ ಪೂರ್ವಪ್ರತ್ಯಯಗಳು ಪದದಿಂದ ಬಿಡಿಸಿ ತೆಗೆಯಬಲ್ಲ ಘಟಕಗಳಾದ್ದರಿಂದ ಅವಕ್ಕೆ ಸ್ವತಂತ್ರ ನಮೂದುಗಳಿವೆ. ‘ಗ್ಲ’ವನ್ನು ತೆಗೆದುಬಿಟ್ಟರೆ ‘ಗ್ಲೀಮ್’ನಲ್ಲಿ ಉಳಿಯುವುದು ಅರ್ಥವಿಲ್ಲದ ತುಣುಕು, ಹಾಗಾಗಿ ಅದು ಪ್ರತ್ಯಯದ ಲೆಕ್ಕಕ್ಕೆ ಬಾರದು, ಪದದ ಲೆಕ್ಕಕ್ಕಂತೂ ಇಲ್ಲ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕೃತ ನಮೂದುಗಳು 2000ದಿಂದ ಅಂತರ್ಜಾಲದಲ್ಲಿ ಬರತೊಡಗಿದಾಗ ಕೆಲಸ ಆರಂಭವಾದದ್ದು ‘ಎ’ ಇಂದಲ್ಲ, ‘ಎಂ’ ಅಕ್ಷರದಿಂದ, ಮತ್ತು ಕೆಲವು ವರ್ಷಗಳ ಬಳಿಕ ಅಕ್ಷರಾನುಕ್ರಮವನ್ನೇ ಬಿಟ್ಟು, ಬೇರೆಬೇರೆ ಭಾಗಗಳ ಪದಗಳನ್ನು ಆರಿಸಿ ಪರಿಷ್ಕರಿಸುವ ಪದ್ಧತಿ ಬಂತು. ಪರದೆಯ ಮೇಲೆ ಪದವನ್ನು ಹುಡುಕುವ ಓದುಗನಿಗೆ ಈಗ ಆ ಒಂದು ಪದವಷ್ಟೇ ಎದುರಾಗುವುದು ವಾಡಿಕೆ. ಅಕ್ಕಪಕ್ಕದ ಪದಗಳ ಮೇಲೆ ಅಯಾಚಿತವಾಗಿ ಕಣ್ಣು ಬೀಳುತ್ತಿದ್ದ ಅವಕಾಶ, ಕಾಡ್ರಿಯಿಂದ ಮರ್ರೆಯವರೆಗಿನ ಮುದ್ರಿತ ಕೋಶಗಳು ಒದಗಿಸಿದ್ದ ಅವಕಾಶ, ಅದರಿಂದ ಬಹಳವಾಗಿ ಕುಗ್ಗಿದೆ. ಅದೇ ಗಣಕಯಂತ್ರಗಳು ಇನ್ನೊಂದೆಡೆ, ಒಬ್ಬ ವಿದ್ವಾಂಸನ ಕಣ್ಣಿಗೆ ಎಟುಕದಷ್ಟು ಪದಗಳನ್ನು ಒಮ್ಮೆಗೇ ಹೋಲಿಸಿ ನೋಡುವುದನ್ನು ಸಾಧ್ಯವಾಗಿಸಿವೆ. ಪ್ಯಾಡ್ರಿಕ್ ಮೊನಾಹನ್ ಮತ್ತು ಸಂಗಡಿಗರು 2014ರಲ್ಲಿ ಇಂಗ್ಲಿಷಿನ ಏಕಾಕ್ಷರಿ ಪದಗಳನ್ನು ಹೀಗೆ ಪರೀಕ್ಷಿಸಿ, ಧ್ವನಿ ಮತ್ತು ಅರ್ಥಗಳ ನಡುವಿನ ಹೊಂದಿಕೆ ಆಕಸ್ಮಿಕವಾಗಿ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚಿದೆಯೆಂದೂ, ಮಕ್ಕಳು ಎಳವೆಯಲ್ಲೇ ಕಲಿಯುವ ಪದಗಳಲ್ಲಿ ಆ ಹೊಂದಿಕೆ ಇನ್ನಷ್ಟು ಗಾಢವಾಗಿದೆಯೆಂದೂ ಕಂಡುಕೊಂಡರು.